ತಂತಿಯ ಮೇಲಿನ ದೂರು

ತೊಮ್ಮಾ ಮನೆಗೆ ಬಂದ ಗೆಳತಿ ಫೋಲ್ಕೆಗೆ ಎರಡನೆಯ ಕಪ್ ಚಹಾ ಬಗ್ಗಿಸುತ್ತಿದ್ದ ಹಾಗೆಯೇ ಅವಳು ಚೀಲದಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. ಬಿಸಿ ತಾಗಿ ಕಪ್ಪಿನ ತಳದ ಕಲ್ಲುಸಕ್ಕರೆ ಚಿಟ್ ಎಂದಿತು.

"ಮೊದಲನೇ ಕಪ್ಪಿಗೇ ತೆಗೀತೀಯ ಅಂದ್ಕೊಂಡಿದ್ದೆ," ಎನ್ನುತ್ತ ತೊಮ್ಮಾ ಕೆನೆಯನ್ನು ಕಪ್ಪಿನ ಅಂಚಿನಿಂದ ಮೆಲ್ಲಗೆ ಇಳಿಬಿಟ್ಟಳು. "ವಯಸ್ಸಾದ ಹಾಗೆ ತಾಳ್ಮೆ ಬರ್ತಿದೆ ನಿನಗೆ."

"ಮೂವತ್ತೊಂಬತ್ತು ಮನೆಯವರು ಸಹಿ ಹಾಕಿದ್ದಾರೆ ಕಣೇ. ನಿನ್ನದೊಂದು ಸೇರಿದ್ರೆ ನಲವತ್ತು. ಇವತ್ತೇ ಕೊನೇ ದಿನ."

ಊರಲ್ಲಿರುವುದು ನೂರು ಮನೆ. ನಲವತ್ತು ಮನೆಯವರು ಒಪ್ಪಿದರೆ ಕಂಪನಿಯವರು ರಸ್ತೆ ಅಗೆದು ಫೈಬರ್ ಎಳೆಯುತ್ತಾರೆ. ಒಂದು ಕಡಿಮೆಯಾದರೂ ಗುದ್ದಲಿ ಪಕ್ಕದೂರಿಗೆ. ಫೈಬರ್ ಬರುವವರೆಗೆ ಇಂಟರ್ನೆಟ್ಟಿಗೆ ಟೆಲಿಫೋನಿನ ಹಳೆಯ ತಾಮ್ರದ ತಂತಿಯೇ ಗತಿ. ಹೋದ ವರ್ಷ ಆ ತಂತಿಗೇ ಹೊಸ ವೇಗ ಕೊಟ್ಟಿದ್ದರು. ವೇಗ ಹೊರಡುವ ಬೂದು ಪೆಟ್ಟಿಗೆ ತೊಮ್ಮಾಳ ಗೇಟಿಗೆ ಆತುಕೊಂಡೇ ನಿಂತಿದೆ. ಫೋಲ್ಕೆಯ ಮನೆ ಅಲ್ಲಿಂದ ಎರಡು ಕಿಲೋಮೀಟರ್ ಆಚೆ, ಕಡಲ ಒಡ್ಡಿನ ಬುಡದಲ್ಲಿ. ಅಷ್ಟು ದೂರ ನಡೆದು ಬರುವುದರೊಳಗೆ ವೇಗಕ್ಕೆ ಏದುಸಿರು.

"ನೂರು ಮೆಗಾಬಿಟ್‌ವರೆಗೆ ವೇಗ ಅಂತ ಬರೆದೇ ಕೊಟ್ಟಿದ್ದಾರಲ್ಲೇ, ಸಾಲದಾ?" ಎಂದಳು ತೊಮ್ಮಾ.

"ನೂರು ನಿನ್ನ ಮನೆಗೆ ಬಂತು. 'ವರೆಗೆ' ನನ್ನ ಮನೆಗೆ ಬಂತು."

ತೊಮ್ಮಾ ಹೊಟ್ಟೆ ಕುಣಿಯುವಂತೆ ನಕ್ಕಳು. ಆದರೆ ಪೆನ್ನು ಮುಟ್ಟಲಿಲ್ಲ. "ನೆಲದಲ್ಲಿ ತಂತಿ ಇದೆ, ಕೆಲಸಾನೂ ಮಾಡ್ತಿದೆ. ನನ್ನ ಹೂಗಿಡದ ಬೇರು ಕಡಿದು ಇನ್ನೊಂದು ಯಾಕೆ ಹೂಳಬೇಕು? ಅಟ್ಟೆ ಗಟ್ಟಿಯಾಗಿರೋ ಬೂಟು ಬಿಸಾಡೋದನ್ನ ನಮ್ಮಮ್ಮ ಕಲಿಸಿಲ್ಲ. ಅಷ್ಟಕ್ಕೂ ಆ ಒಡ್ಡಿನ ಹತ್ರ ನಿನಗೆ ಯಾಕೆ ಬೇಕೇ ಅಷ್ಟು ವೇಗ?"

ಯಾಕೆ ಬೇಕೆಂದು ಫೋಲ್ಕೆ ಹೇಳಲಿಲ್ಲ. ಅಕ್ಕ ಒಕ್ಕಾಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳನ್ನು ಮುಂದಿಟ್ಟುಕೊಂಡು ಯಾರಲ್ಲೂ ಏನನ್ನೂ ಕೇಳಬಾರದೆಂಬುದು ಫೋಲ್ಕೆಯ ಚಿಕ್ಕಂದಿನ ಹಟ. ಅಂಗಡಿಯವರು ಅಯ್ಯೋ ಪಾಪ ಎಂದು ಕೊಡುತ್ತಿದ್ದ ಮಿಠಾಯಿಯನ್ನೂ ಫೋಲ್ಕೆ ತಿಂದವಳಲ್ಲ. ಈಗ ಒಕ್ಕಾ ಇರುವುದು ದೂರದ ಫ್ಲೆನ್ಸ್‌ಬುರ್ಗ್ ಪಟ್ಟಣದಲ್ಲಿ. ದಿನವೂ ಇಬ್ಬರೂ ವಿಡಿಯೊದಲ್ಲಿ ಕೈಸನ್ನೆಯಿಂದಲೇ ಮಾತಾಡುತ್ತಾರೆ. ಚಿತ್ರ ತಡವರಿಸುತ್ತದೆ, ಎದೆಯ ಹತ್ತಿರವಿದ್ದ ಕೈ ಇದ್ದಕ್ಕಿದ್ದಂತೆ ಗಲ್ಲದ ಹತ್ತಿರ ಇರುತ್ತದೆ, ನಡುವಿನ ಮಾತು ತಂತಿಯ ಪಾಲು. "ತಂತಿ ಸರಿಯಿಲ್ಲ," ಎನ್ನುತ್ತಾಳೆ ಫೋಲ್ಕೆ. ಒಕ್ಕಾ ಹೌದೆಂದು ತಲೆಯಾಡಿಸುತ್ತಾಳೆ.

ಇನ್ನು ಕೂತು ಪ್ರಯೋಜನವಿಲ್ಲ ಅನ್ನಿಸಿ ಫೋಲ್ಕೆ ಚಮಚವನ್ನು ಕಪ್ಪಿನೊಳಗಿಟ್ಟಳು. ಈ ಸೀಮೆಯಲ್ಲಿ ಅದರರ್ಥ, ಸಾಕು, ಇನ್ನು ಬಗ್ಗಿಸಬೇಡ.

ತೊಮ್ಮಾ ಚಮಚ ತೆಗೆದು ತಟ್ಟೆಗೆ ಹಾಕಿದಳು. "ಮೂರು ಕಪ್ ಆಗದೆ ಯಾರಾದ್ರೂ ಏಳ್ತಾರೇನೇ? ನಾನೇನು ನಿನಗೆ ಹಗೆಯಾ? ಕೂತ್ಕೋ. ನನ್ನ ತಾಮ್ರದಲ್ಲೇ ಒಂದ್ಸಲ ಯಾರಿಗಾದ್ರೂ ವಿಡಿಯೊ ಮಾಡಿ ನೋಡು, ಆಮೇಲೆ ಬೈಯಿ. ಪಾಸ್‌ವರ್ಡ್ ನಮ್ಮ ಬೆಕ್ಕಿನ ಹೆಸರು."

ಫೋಲ್ಕೆಗೆ ವಿಡಿಯೊ ಮಾಡಲು ಇದ್ದುದು ಒಬ್ಬಳೇ. ಫೋನನ್ನು ಟೀಪಾಟಿಗೆ ಆನಿಸಿ ನಿಲ್ಲಿಸಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಕ್ಕಾ ಬಂದಳು. ತೊಳೆದ ಕಿಟಕಿಯ ಆಚೆ ನಿಂತಂತೆ ಬಂದಳು, ಅವಳ ಸ್ವೆಟರಿನ ಹೆಣಿಗೆ ಎಣಿಸಬಹುದಾಗಿತ್ತು.

"ನೋಡಿದ್ಯಾ?" ತೊಮ್ಮಾ ಫೋಲ್ಕೆಯ ಹೆಗಲ ಮೇಲಿನಿಂದ ಬಗ್ಗಿದಳು. "ತಾಮ್ರ ಕಣೇ, ಬರೀ ತಾಮ್ರ."

ವಾದದಲ್ಲಿ ಸೋತಿದ್ದಕ್ಕೆ ಫೋಲ್ಕೆಗೆ ಖುಷಿಯೇ ಆಯಿತು. ಅಷ್ಟರಲ್ಲಿ ಒಕ್ಕಾ ಕೈಯೆತ್ತಿ ಮಾತು ಶುರು ಮಾಡಿದಳು. ಎಲ್ಲೂ ತಡೆಯಿಲ್ಲ, ಜಿಗಿತವಿಲ್ಲ. ಆದರೂ ಬಲಗೈ ನಡುಗುತ್ತಿತ್ತು. ಹೆಬ್ಬೆರಳು ಗಾಳಿಗೆ ಸಿಕ್ಕ ನೂಲಿನಂತೆ ಒಂದೇ ಸಮನೆ ಅದುರುತ್ತಿತ್ತು. ಫೋಲ್ಕೆ ಅಭ್ಯಾಸಬಲದಿಂದ ಪರದೆಯ ಮೂಲೆ ನೋಡಿದಳು. ಸಿಗ್ನಲ್ ತುಂಬಿತ್ತು.

ಯಾವಾಗಿಂದ, ಎಂದು ಕೈಯಲ್ಲಿ ಕೇಳಿದಳು.

"ಕ್ರಿಸ್‌ಮಸ್ಸಿಗೆ ಬಂದು ಹೋದ್ಯಲ್ಲ, ಆಮೇಲೆ."

"ಮೇ ಬಂತಲ್ಲ ಅಕ್ಕ. ಯಾಕೆ ಹೇಳಲಿಲ್ಲ?"

"ದಿನಾ ನೀನೇ ಹೇಳ್ತಿದ್ದೆ, ತಂತಿ ಸರಿಯಿಲ್ಲ ಅಂತ. ನನಗೂ ಅದೇ ವಾಸಿ ಅನ್ನಿಸ್ತು."

ಇಷ್ಟು ಹೇಳಿ ಒಕ್ಕಾ ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕೈಯಲ್ಲಿ ಮಾತಾಡುವವಳು ಕೈ ಹಿಡಿದುಕೊಂಡರೆ ಬಾಯಿ ಮುಚ್ಚಿಕೊಂಡ ಹಾಗೆ.

ತೊಮ್ಮಾಗೆ ಆ ಭಾಷೆ ಬಾರದು. ಆದರೆ ಎರಡು ಮುಖಗಳನ್ನೂ ನೋಡಿದಳು. ಅರ್ಜಿಯನ್ನು ಎಳೆದುಕೊಂಡು, ಕನ್ನಡಕ ಕೂಡ ಹುಡುಕದೆ ಸಹಿ ಹಾಕಿದಳು.

"ಅವರು ಅಗೆದು, ಎಳೆದು, ಮುಗಿಸೋಕೆ ಎರಡು ವರ್ಷ ಆಗುತ್ತೆ," ಎಂದಳು ಫೋಲ್ಕೆ. ಕಾಗದವನ್ನು ಅವಳು ಕೈಗೆತ್ತಿಕೊಂಡಿರಲಿಲ್ಲ.

"ಆಗ್ಲಿ ಬಿಡು. ಅಲ್ಲೀವರೆಗೆ ದಿನಾ ಇಲ್ಲಿಗೇ ಬಾ. ಹೇಗೂ ಚಹಾ ಕಾಸ್ತೀನಿ." ತೊಮ್ಮಾ ಮೂರನೆಯ ಕಪ್ ಬಗ್ಗಿಸಲು ಟೀಪಾಟಿನ ಕಡೆ ಕೈಚಾಚಿದವಳು, ಅದಕ್ಕೆ ಫೋನು ಆನಿಕೊಂಡಿರುವುದನ್ನು ಕಂಡು ಸುಮ್ಮನೆ ಕೈ ಹಿಂದಕ್ಕೆ ತೆಗೆದಳು.

ಫೋಲ್ಕೆ ಪರದೆಯತ್ತ ತಿರುಗಿದಳು. ಬಿಡು ಅಕ್ಕ, ಎಂದು ಕೈಯಲ್ಲಿ ಹೇಳಿದಳು. ನಡುಗಿದರೆ ನಡುಗಲಿ. ನನಗೆ ಓದಲು ಬರುತ್ತದೆ.

ಒಕ್ಕಾ ಮೆಲ್ಲಗೆ ಹಿಡಿತ ಬಿಟ್ಟಳು. ಕನ್ನಡಿಯಂತೆ ನಿಶ್ಚಲವಾದ ಆ ಚಿತ್ರದಲ್ಲಿ ಒಂದು ಕೈ ಮಾತ್ರ ಅಲುಗುತ್ತಿತ್ತು.