ಹಿನ್ನೆಲೆಯಲ್ಲಿ ದೋಣಿ

ಬೆಳಿಗ್ಗೆ ಹಾಯಿದೋಣಿಯಲ್ಲಿ ವಿನುತಾ, "ಗಾಳಿ ಜೋರಿದೆ, ಲಂಗರು ನೆಲ ಕಚ್ಚಿ ನಿಲ್ಲೋಕೆ ಸರಪಳಿ ಇನ್ನಷ್ಟು ಬಿಡಿ" ಎಂದಿದ್ದಳು.

"ನಿನ್ನ ಬುದ್ಧಿವಂತಿಕೆ ಅಡುಗೆಮನೇಲಿ ತೋರ್ಸು. ದೋಣಿ ವಿಷಯಕ್ಕೆ ಬಾಯಿ ಹಾಕ್ಬೇಡ," ಎಂದು ಗಂಡ ಗದರಿದ್ದ.

ದೋಣಿಯನ್ನು ಲಂಗರಿನಲ್ಲಿ ಬಿಟ್ಟು, ಆ ಪುಟ್ಟ ಕೆರಿಬಿಯನ್ ದ್ವೀಪ ಸುತ್ತಲು ತೆಗೆದುಕೊಂಡ ಬಾಡಿಗೆ ಸ್ಕೂಟರಿನಲ್ಲಿ ಗುಡ್ಡದ ತುದಿ ಮುಟ್ಟುವವರೆಗೂ ಅವಳು ಅವನ ಹೆಗಲು ಹಿಡಿಯಲಿಲ್ಲ; ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದಳು.

ತುದಿಯಲ್ಲಿ ಅವನು ಕಡಲಿಗೆ ಬೆನ್ನು ಹಾಕಿ ನಿಂತು ಫೋನ್ ಚಾಚಿದ. "ಹಿಂದೆ ನಮ್ಮ ದೋಣಿ ಕಾಣೋ ಹಾಗೆ ತೆಗಿ. ಇದನ್ನಾದ್ರೂ ನೆಟ್ಟಗೆ ಮಾಡು."

ಪರದೆಯನ್ನೇ ನೋಡುತ್ತ ಅವಳು, "ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದಳು. ಸರಿದ.

"ಇನ್ನೂ ಸ್ವಲ್ಪ." ಗೊಣಗುತ್ತ ಮತ್ತೆ ಸರಿದ.

"ಇನ್ನೂ."

"ಎಷ್ಟೂಂತ ಸರೀಬೇಕು?" ಎಂದು ಅವನು ಸಿಡುಕಿದ.

"ದೋಣಿ ಎಷ್ಟು ಸರೀತಿದೆಯೋ ಅಷ್ಟು."