ಅಕ್ಕನ ಗೆಳತಿಯರ ಕಪ್ಪು ಕೈಗಳು

ಊದುಬತ್ತಿಯ ಹೊಸ ಪೊಟ್ಟಣ ಬಿಚ್ಚಿದಾಗಲೆಲ್ಲ ನನಗೆ ದೇವರಿಗಿಂತ ಮೊದಲು ಅಕ್ಕನ ಕ್ಲಾಸಿನ ಹುಡುಗಿಯರು ನೆನಪಾಗುತ್ತಾರೆ.

ಆಗ ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನಾವು ಊದುಬತ್ತಿ ಹೊಸೆದೇ ಹೊಟ್ಟೆ ತುಂಬಿಸಿಕೊಳ್ಳಬೇಕಿತ್ತು. ಅಕ್ಕನಿಗೆ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗಲೂ ಅಮ್ಮ, "ನಿನ್ ಪಾಲಿನ ಬತ್ತಿ ಮುಗಿಸಿದ್ರೆ ಪರೀಕ್ಷೆ, ಇಲ್ಲಾಂದ್ರೆ ಮನೇಲಿರು" ಎಂದುಬಿಟ್ಟಳು. ಅದನ್ನು ಕೇಳಿದ ಮೂವರು ಗೆಳತಿಯರು ದಿನವೂ ಬಂದು ಅವಳ ಪಾಲಿನ ಕಪ್ಪು ಇದ್ದಿಲ ಹಿಟ್ಟನ್ನು ತಾವೇ ಕಡ್ಡಿಗೆ ಹೊಸೆದರು. ಅಕ್ಕ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು, ಅವರು ಹೊಸೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದರು.

"ಇದೇನ್ರೇ ಬತ್ತಿ, ಎರೆಹುಳ ಇದ್ದಂಗಿದೆ!" ಎಂದು ಬೈದು ಅಮ್ಮ ಅರ್ಧವನ್ನು ಮತ್ತೆ ಹೊಸೆಯುತ್ತಿದ್ದಳು.

ಪರೀಕ್ಷೆ ಮುಗಿದ ಮಧ್ಯಾಹ್ನ ಮೂವರೂ ಬಂದರು. ಅಕ್ಕ ಅವರನ್ನು ಬಚ್ಚಲ ಮುಂದೆ ಕೂರಿಸಿ, ಎಣ್ಣೆ ಸವರಿ, ಸೀಗೆಪುಡಿ ಹಾಕಿ, ಒಬ್ಬೊಬ್ಬರ ಉಗುರಿನ ಸಂದಿಯ ಮಸಿಯನ್ನೂ ತಿಕ್ಕತೊಡಗಿದಳು. ನಾನು ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದೆ. ಕೊನೆಯವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಂದು ಹಂಗೇ ಇರ್ಲಿ ಕಣೇ. ನಾಳೆಯಿಂದ ಸ್ಕೂಲೂ ಇಲ್ಲ, ನೀನೆಲ್ಲಿ ಸಿಗ್ತೀಯಾ?"

"ಇದೇ ಕೈಲಿ ಉಣ್ತೀಯೇನೇ? ಕೊಡಿಲ್ಲಿ" ಎಂದು ಅಕ್ಕ ಎಳೆದುಕೊಂಡಳು.

ಮಸಿಯೆಲ್ಲ ಹೋಯಿತು. ನೀರು ಹುಯ್ದು ಹುಯ್ದು ನನ್ನ ತೋಳು ನೋಯಿತು. ಅಕ್ಕ ಮಾತ್ರ ಆ ಕೈ ಬಿಡಲಿಲ್ಲ.