ಮೂರು ವಾರಕ್ಕೊಮ್ಮೆ

ಮೂರು ವಾರಕ್ಕೊಮ್ಮೆ ತವರಿಗೆಂದು ಹೊರಡುತ್ತಿದ್ದ ಹೆಂಡತಿಯ ಹಿಂದೆಯೇ ಈ ಸಲ ಅವನೂ ಬಂದಿದ್ದ. ಆಸ್ಪತ್ರೆಯ ಗೇಟಿನಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದ.

"ಇದೇನಾ ನಿನ್ನ ತವರು? ಯಾರೇ ಅವನು? ಡಾಕ್ಟರಾ, ಕಾಂಪೌಂಡರಾ?"

ಹೇಳಿದರೆ ಮದುವೆ ಮುರಿಯುತ್ತದೆಂದು ಅಮ್ಮ ಬಾಯಿ ಮುಚ್ಚಿಸಿದ್ದ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅದನ್ನು ತಾನು ಹೇಳುವ ಬದಲು ಅವನನ್ನೇ ಎಳೆದುಕೊಂಡು ಇಂಜೆಕ್ಷನ್ ಕೊಡುವ ಕೋಣೆಗೆ ನುಗ್ಗಿದಳು.

"ಸಿಸ್ಟರ್, ನಾನಿಲ್ಲಿ ಯಾಕೆ ಬರ್ತೀನಿ ಅಂತ ಇವರಿಗೆ ಹೇಳಿ."

ನರ್ಸ್ ನಕ್ಕಳು. "ಯಜಮಾನ್ರಾ? ಸದ್ಯ, ಕೈ ಹಿಡ್ಕೊಳ್ಳೋಕೆ ಒಬ್ರು ಬಂದ್ರಲ್ಲ! ಈ ಪೆನ್ಸಿಲಿನ್ ಸೂಜಿಗೆ ಗಂಡಸ್ರೇ ಅತ್ತುಬಿಡ್ತಾರೆ."

"ಏನಾಗಿದೆ ಇವಳಿಗೆ?"

"ಚಿಕ್ಕೋರಿದ್ದಾಗ ಕೀಲುವಾತದ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟಾಗಿದೆ. ವಯಸ್ಸು ನಲವತ್ತು ಆಗೋವರೆಗೂ ಮೂರು ವಾರಕ್ಕೊಂದ್ಸಲ ಈ ಸೂಜಿ ತಪ್ಪಿಸದೆ ತಗೋಬೇಕು. ತಗೊಂಡ್ರೆ ಎಲ್ಲರ ಹಾಗೇ ಇರ್ತಾರೆ. ನಿಮಗೆ ಗೊತ್ತಿಲ್ವಾ?"

ಸೂಜಿ ಇಳಿಯುವಾಗ ಅವಳು ಮಂಚದ ಕಂಬಿಯನ್ನು ಹಿಡಿದುಕೊಂಡಳು. ಅವನು ಕಿಟಕಿಯತ್ತ ತಿರುಗಿ ನಿಂತಿದ್ದ.

ಕುಂಟುತ್ತ ಹೊರಗೆ ಬಂದವಳು ಅವನ ದಾರಿಗೆ ಅಡ್ಡ ನಿಂತಳು.

"ಕಣ್ಣಾರೆ ನೋಡಿದ್ರಲ್ಲ? ಎಂಥಾ ಮಾತು ಆಡಿಬಿಟ್ರಿ ನನಗೆ! ಇನ್ನೂ ಅನುಮಾನ ಇದೆಯಾ?"

"ಇಲ್ಲ," ಎಂದ ಅವನು, ಅವಳ ಮುಖ ನೋಡದೆ. "ಯಾವನೋ ಇದ್ದಿದ್ರೇ ವಾಸಿಯಿತ್ತು. ನಾಲ್ಕು ಬಾರಿಸಿ ಮನೆಗೆ ಕರ್ಕೊಂಡು ಹೋಗ್ತಿದ್ದೆ."